ಮಗು ಮಲಗಿದ್ದಾಗ ಹೊರಟುಬಿಡಬೇಡಿ

ಜನವರಿ ಮುಗಿದು ಫೆಬ್ರವರಿ ಬಂತೆಂದರೆ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಒಂದೇ ಬಗೆಯ ದೂರು ಹೇಳಿಕೊಂಡು ಬರುವ ತಾಯಂದಿರು ಜಾಸ್ತಿ. ಮಗು ರಾತ್ರಿ ಮಲಗುತ್ತಿಲ್ಲ, ನನ್ನನ್ನು ಬಿಟ್ಟು ಒಂದು ನಿಮಿಷ ಇರುತ್ತಿಲ್ಲ, ಮೊದಲು ಹೀಗಿರಲಿಲ್ಲ ಅನ್ನುತ್ತಾರೆ. ಅಷ್ಟರಲ್ಲಿ ಹೊಟ್ಟೆಹುಳಕ್ಕೆ ಔಷಧಿ ಕೊಟ್ಟಾಗಿರುತ್ತದೆ. ದೃಷ್ಟಿ ತೆಗೆದಾಗಿರುತ್ತದೆ. ಕೈಗೊಂದು ದಾರವೂ ಬಂದಿರುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ, "ಮನೆಗೆ ಯಾರಾದರೂ ಬಂದು ಹೋದರಾ?" ಹೌದು, ಹೊರದೇಶದಿಂದ ಅಜ್ಜ ಅಜ್ಜಿ ಬಂದಿದ್ದರು, ಹೋದ ತಿಂಗಳು ಹೊರಟರು. "ಹೊರಡುವಾಗ ಮಗು ಏನು ಮಾಡಿತು?" ಅಂದರೆ ಉತ್ತರ ಹೆಚ್ಚು ಕಡಿಮೆ ಒಂದೇ. "ಏನೂ ಮಾಡಲಿಲ್ಲ ಮೇಡಂ, ಪಾಪ ಮಲಗಿತ್ತು. ಅಳುತ್ತೆ ಅಂತ ನಾವೇ ಎಬ್ಬಿಸಲಿಲ್ಲ."

ಈ ಉತ್ತರ ಮತ್ತೆ ಮತ್ತೆ ಕೇಳಿ ಮನಸ್ಸಿಗೆ ಕಷ್ಟವಾಗಿದೆ. ಅದಕ್ಕೇ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಮನೆತನ, ಜಾತಿ ಹೇಳುವುದಿಲ್ಲ, ಕೆಲವು ವಿವರ ಬದಲಿಸಿದ್ದೇನೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಕಡಿಮೆ ಜನ ಇರುವ ಜಿಲ್ಲೆ ನಮ್ಮದು. ಇಲ್ಲಿ ಮನೆತನದ ಹೆಸರಿನ ಮೊದಲ ಅಕ್ಷರ ಹೇಳಿದರೂ ಸಾಕು, ಮುಂದಿನ ಮದುವೆಯೂಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಮನೆ ಇರುವುದು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ. ಗಂಡ, ಹೆಂಡತಿ, ಗಂಡನ ತಾಯಿ, ಆರು ವರ್ಷದ ಮಗಳು, ಮೂರೂವರೆ ವರ್ಷದ ಮಗ. ಹುಡುಗನನ್ನು ಚಿಣ್ಣ ಅಂತ ಕರೆಯೋಣ. ಹೆಂಡತಿಯ ಅಪ್ಪ ಅಮ್ಮ ಟೊರಾಂಟೊ ಹತ್ತಿರ ಮಗನ ಜೊತೆ ಇದ್ದಾರೆ. ಮೊದಲು ಮಗನ ಮಕ್ಕಳನ್ನು ನೋಡಿಕೊಳ್ಳಲು ಅಂತ ಹೋದವರು, ಆಮೇಲೆ ಅಲ್ಲಿಯೇ ಕಾಯಂ ವಾಸಕ್ಕೆ ಪರವಾನಗಿ ಪಡೆದುಕೊಂಡರು. ಅಲ್ಲಿ ಹಿಮ ಬೀಳುವ ಕಾಲಕ್ಕೆ ಇಲ್ಲಿ ಮಗಳ ಮನೆಗೆ ಬರುತ್ತಾರೆ. ಮಕ್ಕಳು ಅವರನ್ನು ಕೆನಡಾ ಅಜ್ಜ, ಕೆನಡಾ ಅಜ್ಜಿ ಅನ್ನುತ್ತಾರೆ. ಇಲ್ಲಿರುವವರು ಮನೆ ಅಜ್ಜಿ.

ಅವರು ಬರುವ ಹೊತ್ತು ತೋಟದಲ್ಲಿ ಕುಯ್ಲಿನ ಹೊತ್ತು. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಆಗುತ್ತದೆ. ಅಪ್ಪ ಬೆಳಿಗ್ಗೆ ತೋಟಕ್ಕೆ ಇಳಿದರೆ ಮತ್ತೆ ಸಿಗುವುದು ಕತ್ತಲಾದ ಮೇಲೆ. ಅಮ್ಮ ಕಣ ನೋಡಿಕೊಳ್ಳಬೇಕು, ಕೆಲಸದವರ ಲೆಕ್ಕ ಬರೆಯಬೇಕು. ಹಾಗಾಗಿ ಚಿಣ್ಣನ ಇಡೀ ದಿನ ಕೆನಡಾದವರದ್ದೇ ಆಯಿತು. ಅಜ್ಜಿ ಸ್ನಾನ ಮಾಡಿಸುವುದು, ಅಜ್ಜಿ ಊಟ ಮಾಡಿಸುವುದು, ಅಜ್ಜನ ಜೊತೆ ಕೋಳಿಗೆ ಕಾಳು ಹಾಕುವುದು. ರಾತ್ರಿ ಅವರಿಬ್ಬರ ಮಧ್ಯೆಯೇ ಮಲಗುವುದು. ಬಂದ ಮೊದಲ ನಾಲ್ಕು ದಿನ ಹತ್ತಿರ ಬಾರದೆ ಅಮ್ಮನ ಸೆರಗು ಹಿಡಿದು ನಿಂತ ಹುಡುಗ, ಹೊರಡುವ ಹೊತ್ತಿಗೆ ಅಮ್ಮನನ್ನೇ ಕೇಳುತ್ತಿರಲಿಲ್ಲವಂತೆ.

ವಿಮಾನ ಬೆಂಗಳೂರಿನಿಂದ ಬೆಳಿಗ್ಗೆ ಹತ್ತಕ್ಕೆ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಕಣ್ಣೂರಿನ ನಿಲ್ದಾಣ 2018ರಲ್ಲಿ ಶುರುವಾದ ಮೇಲೆ ಗಲ್ಫ್‌ನಿಂದ ಬರುವವರಿಗೆ ಮಾಕುಟ್ಟ ಘಾಟಿ ಹತ್ತಿದರೆ ವಿರಾಜಪೇಟೆ ಸಿಗುತ್ತದೆ. ಕೆನಡಾ, ಅಮೆರಿಕ ಅಂದರೆ ಬೆಂಗಳೂರೇ ಗತಿ. ತಿತಿಮತಿ ಕಾಡು ದಾಟಬೇಕು, ಆನೆ ಅಡ್ಡ ಬಂದರೆ ಎಷ್ಟು ಹೊತ್ತು ನಿಲ್ಲಬೇಕೋ ಗೊತ್ತಿಲ್ಲ. ರಾತ್ರಿ ಊಟ ಮುಗಿಸಿ ಹತ್ತೂವರೆಗೇ ಕಾರು ಹೊರಟಿತು. ಚಿಣ್ಣನನ್ನು ಮನೆ ಅಜ್ಜಿ ತಟ್ಟಿ ಮಲಗಿಸಿದ್ದರು.

ಬೆಳಿಗ್ಗೆ ಎದ್ದು ಕೇಳಿದ. ಅಂಗಡಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಅಂದರು. ಸಂಜೆವರೆಗೂ ಜಗಲಿಯಲ್ಲಿ ಕೂತ. ಮರುದಿನ ಕೇಳಿದ್ದಕ್ಕೆ ಮೈಸೂರಿಗೆ ಹೋಗಿದ್ದಾರೆ ಅಂದರು. ಮೂರನೆಯ ದಿನ ಅವನು ಕೇಳಲಿಲ್ಲ. ಅತ್ತದ್ದೂ ಇಲ್ಲ. "ಸುಧಾರಿಸಿಕೊಂಡ ಅಂತ ನಮಗೆ ಸಮಾಧಾನ ಆಯ್ತು" ಅಂದರು ತಾಯಿ. ವಾರ ಕಳೆದ ಮೇಲೆ ಶುರುವಾಯಿತು. ಮಧ್ಯಾಹ್ನದ ನಿದ್ದೆ ಪೂರ್ತಿ ನಿಂತಿತು. ರಾತ್ರಿ ಕಣ್ಣು ಎಳೆದುಕೊಂಡು ಹೋಗುತ್ತಿದ್ದರೂ ಎದ್ದು ಕೂರುತ್ತಿದ್ದ. ಮಲಗಿದರೂ ಎರಡು ಗಂಟೆಗೊಮ್ಮೆ ಎದ್ದು ಅಮ್ಮನ ಮುಖ ಮುಟ್ಟಿ ನೋಡುತ್ತಿದ್ದ. ಅಮ್ಮ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂಗು. ನರ್ಸರಿಗೆ ಬಿಡಲು ಹೋದರೆ ಗೇಟಿನಲ್ಲೇ ಕೂತುಬಿಡುತ್ತಿದ್ದ. ಕತ್ತಲೆ ಕಂಡರೆ ಹೆದರುತ್ತಾನೆ ಅಂತ ಮನೆಯವರ ಲೆಕ್ಕ. ಎಲ್ಲ ಕೋಣೆಗೂ ಸಣ್ಣ ದೀಪ ಹಾಕಿಸಿದ್ದರು.

ಅವರು ಬಂದ ಸಂಜೆ ನನ್ನ ಕೋಣೆಯಲ್ಲಿ ತಾಯಿ, ಮನೆ ಅಜ್ಜಿ ಮತ್ತು ಚಿಣ್ಣ. ದೊಡ್ಡವರ ಜೊತೆ ಮಾತಾಡುತ್ತಾ ನಾನು ಅವನ ಮುಂದೆ ಆಟದ ಬುಟ್ಟಿ ಇಟ್ಟೆ. ಬಟ್ಟೆಯ ಗೊಂಬೆಗಳು, ಒಂದು ಪುಟ್ಟ ಮಂಚ, ಮರದ ಕಾರು, ಕೆಲವು ಪಾತ್ರೆ ಸಾಮಾನು. ಅವನು ಬುಟ್ಟಿಯನ್ನೆಲ್ಲ ಕೆದಕಿ ಚಿಕ್ಕ ಗೊಂಬೆಯೊಂದನ್ನು ಆರಿಸಿ ಮಂಚದ ಮೇಲೆ ಮಲಗಿಸಿದ. ಜೇಬಿನಿಂದ ತನ್ನ ಕರವಸ್ತ್ರ ತೆಗೆದು ಹೊದಿಸಿದ. ಆಮೇಲೆ ದೊಡ್ಡ ಗೊಂಬೆ ಎರಡನ್ನು ಕಾರಿನ ಮೇಲೆ ಕೂರಿಸಿ, ಕಾರನ್ನು ಮೇಜಿನ ಕಾಲು ದಾಟಿಸಿ ಆಚೆ ಕಡೆ ನಿಲ್ಲಿಸಿದ. ಆ ವಯಸ್ಸಿನ ಹುಡುಗರು ಕಾರು ತಳ್ಳುವಾಗ ಬಾಯಲ್ಲಿ ಸದ್ದು ಮಾಡದೆ ಇರುವುದು ಅಪರೂಪ. ಇವನು ಒಂದು ಸದ್ದೂ ಮಾಡಲಿಲ್ಲ. ವಾಪಸ್ ಬಂದು ಚಿಕ್ಕ ಗೊಂಬೆಯನ್ನು ಹಿಡಿದು ಜೋರಾಗಿ ಅಲುಗಾಡಿಸಿ ಎಬ್ಬಿಸಿದ. ಮತ್ತೆ ಮಲಗಿಸಿದ. ಮತ್ತೆ ಕಾರು. ಮತ್ತೆ ಎಬ್ಬಿಸಿದ. ಹೀಗೆ ನಡೆಯುತ್ತಾ ಇತ್ತು. ತಾಯಿ ಮಾತು ನಿಲ್ಲಿಸಿ ಅದನ್ನೇ ನೋಡತೊಡಗಿದರು.

ನಾನು ನೆಲಕ್ಕೆ ಇಳಿದು ಕೂತು ಕೇಳಿದೆ. "ಈ ಪಾಪುಗೆ ನಿದ್ದೆ ಬರ್ತಾ ಇಲ್ವಾ?"

"ಬರ್ತಾ ಇದೆ."

"ಮತ್ತೆ ಯಾಕೆ ಎಬ್ಬಿಸ್ತೀಯ?"

"ಮಲಗಿದ್ರೆ ಹೋಗ್ಬಿಡ್ತಾರೆ."

"ಯಾರು ಹೋಗ್ಬಿಡ್ತಾರೆ?"

ಅಜ್ಜ ಅಜ್ಜಿ ಅಂತ ಹೇಳುತ್ತಾನೆ ಅಂದುಕೊಂಡು ಮನೆ ಅಜ್ಜಿ ಮುಂದಕ್ಕೆ ಬಾಗಿದರು. ಅವನು ತಲೆ ಎತ್ತಿ ತಾಯಿಯನ್ನು ನೋಡಿದ. "ಅಮ್ಮ" ಅಂದ.

ಇಷ್ಟೇ ಮಾತು. ಆದರೆ ಮನೆಯವರು ವಾರಗಟ್ಟಲೆ ಹುಡುಕುತ್ತಿದ್ದದ್ದು ಇದರಲ್ಲೇ ಇತ್ತು. ಅವನಿಗೆ ಕತ್ತಲೆಯ ಹೆದರಿಕೆ ಇರಲಿಲ್ಲ. ಅವನು ತನ್ನ ಬುದ್ಧಿಗೆ ಎಟುಕಿದಷ್ಟು ಲೆಕ್ಕ ಹಾಕಿದ್ದ. ನಾನು ಮಲಗಿದೆ, ಅಜ್ಜ ಅಜ್ಜಿ ಮಾಯವಾದರು. ಎಲ್ಲಿ ಅಂತ ಕೇಳಿದರೆ ದಿನಕ್ಕೊಂದು ಉತ್ತರ ಬಂತು. ಅಂದರೆ ಇವರ ಮಾತನ್ನು ನಂಬಿ ಉಪಯೋಗವಿಲ್ಲ. ಇನ್ನು ಉಳಿದವಳು ಅಮ್ಮ. ಅವಳನ್ನು ಉಳಿಸಿಕೊಳ್ಳಬೇಕಾದರೆ ನಾನು ಎದ್ದಿರಬೇಕು. ಮೂರೂವರೆ ವರ್ಷದ ಮಗು ರಾತ್ರಿಯಿಡೀ ಕಾವಲು ಕಾಯುತ್ತಿತ್ತು.

ತಾಯಿ ಎದ್ದು ಬಂದು ಅವನನ್ನು ತಬ್ಬಿಕೊಂಡು ಅತ್ತರು. ಮನೆ ಅಜ್ಜಿಗೆ ತಮ್ಮ ಮೇಲೆ ತಪ್ಪು ಹೊರಿಸಿದಂತೆ ಆಯಿತೇನೋ, ಅವರ ಮುಖ ಚಿಕ್ಕದಾಯಿತು. "ನಾವೇನು ಕೆಟ್ಟದಾಗಲಿ ಅಂತ ಮಾಡಿದ್ವಾ ಮೇಡಂ? ದೂರ ಹೋಗೋರು ಹೊರಡುವಾಗ ಮಕ್ಕಳು ಅಳಬಾರದು ಅಂತಾರೆ. ಹಿಂದಿನಿಂದ ಕರೀಬಾರದು. ಅಷ್ಟು ದೂರ ಆಕಾಶದಲ್ಲಿ ಹೋಗ್ಬೇಕು, ಕಣ್ಣೀರು ಹಾಕಿ ಕಳಿಸೋದಾ?"

ಈ ಮಾತನ್ನು ನಾನು ಮೂಢನಂಬಿಕೆ ಅಂತ ತಳ್ಳಿಹಾಕುವುದಿಲ್ಲ. ಹೊರಟವರು ಸುಖವಾಗಿ ತಲುಪಲಿ ಅನ್ನುವ ಆಸೆ ಅದರಲ್ಲಿದೆ. ಅವರಿಗೆ ಹೇಳಿದ್ದು ಇದು. ಅಮ್ಮ, ಹೊರಡುವ ಗಳಿಗೆಯಲ್ಲಿ ಅಳು ಬೇಡ ಅನ್ನುವುದಾದರೆ ಅಳುವುದಕ್ಕೆ ಮೊದಲೇ ಜಾಗ ಮಾಡಿಕೊಡಿ. ಮೂರು ದಿನ ಮೊದಲು ಹೇಳಿ. ಆವತ್ತು ಅಳಲಿ. ಮರುದಿನ ಸೂಟ್‌ಕೇಸ್ ತುಂಬುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆಗಲೂ ಸ್ವಲ್ಪ ಅಳಲಿ. ಕಾರು ಹೊರಡುವ ಹೊತ್ತಿಗೆ ಒಂದಷ್ಟು ಅಳು ಮುಗಿದಿರುತ್ತದೆ. ಆಗಲೂ ಅಳಬಹುದು. ಆದರೆ ಎದುರಿಗೆ ಜನ ಇದ್ದು, ಎತ್ತಿಕೊಳ್ಳುವವರಿದ್ದು ಅಳುವುದು ಬೇರೆ. ಎದ್ದು ನೋಡಿದರೆ ಹಾಸಿಗೆ ಖಾಲಿ ಇರುವುದು ಬೇರೆ. ಅವರು ಒಪ್ಪಿದರೋ ಇಲ್ಲವೋ, ಸುಮ್ಮನೆ ತಲೆಯಾಡಿಸಿದರು.

ಆವತ್ತೇ ಕೆನಡಾದವರಿಗೆ ಕರೆ ಮಾಡಿಸಿದೆ. ಇಲ್ಲಿ ಸಂಜೆ ಐದೂವರೆ, ಅಲ್ಲಿ ಬೆಳಿಗ್ಗೆ ಏಳು. ಚಿಣ್ಣನನ್ನು ಹೊರಗೆ ನಮ್ಮ ಸಹಾಯಕಿಯ ಜೊತೆ ಆಡಲು ಬಿಟ್ಟು, ಅವನ ತಾಯಿಯಿಂದ ಫೋನ್ ತೆಗೆದುಕೊಂಡು ಅಜ್ಜನಿಗೆ ವಿಷಯ ಹೇಳಿದೆ. ನೀವು ಮಗುವಿಗೆ ನೇರವಾಗಿ ಹೇಳಬೇಕು, ನೀನು ಮಲಗಿದ್ದಾಗ ನಾವು ಹೋದೆವು, ನಿನಗೆ ಹೇಳಿ ಹೋಗಬೇಕಿತ್ತು, ಹೇಳದೆ ಹೋದದ್ದು ತಪ್ಪಾಯಿತು ಅಂತ. ಎಪ್ಪತ್ತು ದಾಟಿದ ಮನುಷ್ಯ. ಗೌರವದಿಂದ ಬಾಳಿದವರು. ಅವರಿಗೆ ಇದು ಹಿಡಿಸಲಿಲ್ಲ.

"ಮೂರು ವರ್ಷದ ಮಗು ಹತ್ರ ನಾನು ತಪ್ಪಾಯ್ತು ಅನ್ಬೇಕಾ? ಅದಕ್ಕೆ ಕೆನಡಾ ಅಂದ್ರೆ ಏನು, ವಿಮಾನ ಅಂದ್ರೆ ಏನು ಅಂತಾದ್ರೂ ಗೊತ್ತಾಗುತ್ತಾ? ನಾಲ್ಕು ದಿನ ಹೋದ್ರೆ ಮರೆತುಹೋಗುತ್ತೆ ಬಿಡಿ."

ನಾನು ಉತ್ತರ ಕೊಡುವುದರೊಳಗೆ ಅಜ್ಜಿ ಫೋನ್ ಕಿತ್ತುಕೊಂಡರು. ಕಿತ್ತುಕೊಂಡರು ಅಂತಲೇ ಬರೆಯಬೇಕು. ಪರದೆ ತುಂಬಾ ಅವರ ಹಣೆ, ಅರ್ಧ ಕನ್ನಡಕ. "ಅವರಿಗೆ ಏನೂ ಹೇಳ್ಬೇಡಿ ಮೇಡಂ. ರಾತ್ರಿ ಮಲಗಿದ ಮೇಲೇ ಹೊರಡೋಣ ಅಂದವಳು ನಾನು. ಮಗು ಅಳುತ್ತೆ ಅಂದದ್ದು ನೆಪ. ಅವನು ಕೈ ಚಾಚಿದ್ರೆ ನನಗೆ ಕಾರು ಹತ್ತೋಕೆ ಆಗ್ತಿರಲಿಲ್ಲ. ಇಲ್ಲಿ ಈ ಮಕ್ಕಳನ್ನ ಹುಟ್ಟಿದಾಗಿಂದ ಸಾಕಿದೀನಿ. ಅವನನ್ನ ಆರು ವಾರ ಎತ್ತಿಕೊಂಡು ಇಳಿಸಿ ಬಂದೆ."

ಮಗಳು ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು ಅಂದರು, "ಅಮ್ಮ, ನೀನು ನನ್ನ ಮುಖನೂ ನೋಡ್ದೆ ಕಾರು ಹತ್ತಿದೆ."

ಈ ಒಂದು ಭೇಟಿ ನನಗೆ ತುಂಬಾ ಕಲಿಸಿತು. ಮಗು ಅಳುತ್ತೆ ಅನ್ನುವುದು ಎಷ್ಟೋ ಮನೆಗಳಲ್ಲಿ ದೊಡ್ಡವರ ಅಳುವಿಗೆ ಹೊದಿಸಿದ ಬಟ್ಟೆ. ಎಪ್ಪತ್ತರ ಹತ್ತಿರ ಬಂದವರು ಒಂದೊಂದು ಸಲ ಹೊರಡುವಾಗಲೂ, ಮತ್ತೆ ನೋಡುತ್ತೇನೋ ಇಲ್ಲವೋ ಅಂತ ಒಳಗೇ ಎಣಿಸುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ಹೊರಬೇಕಾದವರು ಎಪ್ಪತ್ತು ವರ್ಷದವರು, ಮೂರು ವರ್ಷದವನಲ್ಲ. ಈ ವಿಷಯದಲ್ಲಿ ನಾನು ಪಟ್ಟು ಬಿಡುವುದಿಲ್ಲ.

ನನ್ನ ಸಲಹೆ ಕಟುವಾಯಿತು ಅಂತ ಆ ಕುಟುಂಬದ ನೆಂಟರು ಕೆಲವರು ಆಮೇಲೆ ಹೇಳಿದರಂತೆ. ಹಿರಿಯರಿಂದ ಕ್ಷಮೆ ಕೇಳಿಸಿದರು ಅಂತ. ಅದಕ್ಕೆ ನನ್ನ ಉತ್ತರ ಇದೆ. ಮಗುವಿಗೆ ಕೆನಡಾ ಎಲ್ಲಿದೆ ಅಂತ ಗೊತ್ತಿಲ್ಲ, ನಿಜ. ಆದರೆ ತನಗೆ ಹೇಳಿದರೋ ಇಲ್ಲವೋ ಅನ್ನುವುದು ಗೊತ್ತು. ಅಂಗಡಿಗೆ ಹೋಗಿದ್ದಾರೆ ಅಂದವರು ಸಂಜೆ ಬರಲಿಲ್ಲ ಅನ್ನುವುದೂ ಗೊತ್ತು. ಅವನು ಕಾಯುತ್ತಾ ಕೂತ ಆ ಸಂಜೆಗೆ ಯಾರಾದರೂ ಹೊಣೆ ಹೊರಬೇಕಲ್ವಾ? ಅಜ್ಜ ತಾನೇ ಹೊತ್ತರೆ ಮಗುವಿಗೆ ಎರಡು ವಿಷಯ ತಿಳಿಯುತ್ತದೆ. ಅವರು ಹೋದದ್ದು ನಾನು ಮಲಗಿದ್ದರಿಂದ ಅಲ್ಲ. ಇನ್ನು ಮೇಲೆ ಹೇಳಿಯೇ ಹೋಗುತ್ತಾರೆ. ಅವನಿಗೆ ನಿದ್ದೆ ಬರಲು ಬೇಕಾದದ್ದು ಇವೆರಡೇ.

ಮೂರನೆಯ ದಿನ ಕೇಳಲಿಲ್ಲ, ಸುಧಾರಿಸಿಕೊಂಡ ಅಂದರಲ್ಲ, ಅದರ ಬಗ್ಗೆಯೂ ಒಂದು ಮಾತು. ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡರೆ ತಾಯಿ ತಂದೆಯನ್ನು ಹೆಚ್ಚು ಬರಲು ಬಿಡುತ್ತಿರಲಿಲ್ಲ. ಅವರು ಬಂದರೆ ಮಕ್ಕಳು ಅಳುತ್ತಾರೆ, ಬರದಿದ್ದರೆ ಹೊಂದಿಕೊಂಡು ಸುಮ್ಮನಿರುತ್ತಾರೆ ಅನ್ನುವುದು ಕಾರಣ. ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಹಾಗೆ ಸೇರಿಸಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ದಿನದಿನವೂ ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ಸುಮ್ಮನಿದ್ದ ಮಗು ಹೊಂದಿಕೊಂಡ ಮಗುವಲ್ಲ ಅಂತ ತೋರಿಸಿದರು. ರಾಬರ್ಟ್‌ಸನ್ ಮತ್ತು ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಮೂರು ಹಂತವಾಗಿ ಹೇಳಿದರು. ಮೊದಲು ಮಗು ಅತ್ತು ಪ್ರತಿಭಟಿಸುತ್ತದೆ, ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ, ಕೊನೆಗೆ ಬೇಡವಾದಂತೆ ದೂರವಾಗುತ್ತದೆ. ಆರಂಭದಲ್ಲಿ ಅನೇಕ ವೈದ್ಯರು ಒಪ್ಪಲಿಲ್ಲ. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೇ ತಾಯಿ ತಂದೆ ಯಾವಾಗ ಬೇಕಾದರೂ ಬರಲು ಬಿಡಬೇಕು ಅಂತ ಹೇಳಿತು. ಆಸ್ಪತ್ರೆಯಲ್ಲಿ ಬಿಟ್ಟ ಮಗುವಿಗೂ ಅಮ್ಮನ ಜೊತೆ ಸ್ವಂತ ಮನೆಯಲ್ಲೇ ಇದ್ದ ಚಿಣ್ಣನಿಗೂ ಹೋಲಿಕೆಯೇ ಇಲ್ಲ. ಆದರೆ ಮಗು ಅಳಲಿಲ್ಲ, ಹಾಗಾಗಿ ಸರಿಯಾಗಿದೆ ಅನ್ನುವ ತಪ್ಪು ಲೆಕ್ಕ ಎರಡೂ ಕಡೆ ಒಂದೇ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಹಳೆಯ ಬೇರೂ ಇದೆ. ಕಾರ್ಯಪ್ಪ, ತಿಮ್ಮಯ್ಯ ಅಂಥವರನ್ನು ಸೈನ್ಯಕ್ಕೆ ಕೊಟ್ಟ ನಾಡು ಅಂತ ಹೆಮ್ಮೆಪಡುತ್ತೇವೆ. ಮನೆಗೊಬ್ಬ ಫೌಜಿ ಅನ್ನುವ ಊರುಗಳಿವೆ. ರಜೆ ಮುಗಿಸಿ ಹೊರಡುವ ಅಪ್ಪ, ಮಕ್ಕಳು ಏಳುವ ಮೊದಲೇ ಟ್ರಂಕ್ ಎತ್ತಿಕೊಂಡು ಮೈಸೂರಿನ ಬಸ್ ಹಿಡಿಯುತ್ತಿದ್ದ. ಹಾಗೆ ಬೆಳೆದವರು ಐವತ್ತು ಅರವತ್ತು ವಯಸ್ಸಿನಲ್ಲಿ ನನ್ನ ಮುಂದೆ ಕೂತು ಆ ಬೆಳಗಿನ ಬಗ್ಗೆ ಹೇಳಿದ್ದಾರೆ. ನಾವೆಲ್ಲ ಹಾಗೇ ಬೆಳೆದೆವು, ಏನಾಯ್ತು ಅಂತ ಕೇಳುವವರಿಗೆ ನಾನು ಅವರ ಮುಖ ನೆನೆದು ಉತ್ತರ ಕೊಡುತ್ತೇನೆ. ಹೇಳಿಕೊಳ್ಳಲು ಜಾಗ ಇರಲಿಲ್ಲ, ಅಷ್ಟೇ. ಆಗ ಫೋನೂ ಇರಲಿಲ್ಲ, ಕಾಗದ ಬರಬೇಕಾದರೆ ವಾರಗಳು ಬೇಕಿತ್ತು. ಈಗ ಆ ಕಷ್ಟ ಇಲ್ಲ. ಹೇಳದೆ ಹೋಗಲು ಈಗ ಕಾರಣವೇ ಇಲ್ಲ.

ಅಜ್ಜ ಎರಡು ದಿನ ಸುಮ್ಮನಿದ್ದರು. ಆಮೇಲೆ ತಾವೇ ಕರೆ ಮಾಡಿ ಚಿಣ್ಣನನ್ನು ಕೇಳಿದರಂತೆ. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ. "ಚಿಣ್ಣ, ನೀನು ಮಲಗಿದ್ದಾಗ ನಾನೂ ಅಜ್ಜಿನೂ ಕಾರಲ್ಲಿ ಹೋದ್ವಿ. ನಿನಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಇನ್ಮೇಲೆ ಹೇಳೇ ಹೋಗ್ತೀವಿ" ಅಂದರು. ನನಗೆ ಅಷ್ಟು ಸಾಕಿತ್ತು. ಚಿಣ್ಣ ಸ್ವಲ್ಪ ಹೊತ್ತು ಪರದೆ ನೋಡಿ, ಕೋಳಿಗೆ ಈಗ ನಾನೊಬ್ಬನೇ ಕಾಳು ಹಾಕ್ತೀನಿ ಅಂದನಂತೆ. ಹಾಗಾದರೆ ನಾಳೆಯಿಂದ ಹಾಕುವಾಗ ನನಗೂ ತೋರಿಸು ಅಂದರು ಅಜ್ಜ.

ಕರೆಯ ಹೊತ್ತನ್ನು ನಾವು ಮಗುವಿನ ದಿನಕ್ಕೆ ಹೊಂದಿಸಿದೆವು. ಸಂಜೆ ಆರೂವರೆ, ಕೋಳಿ ಗೂಡಿಗೆ ಸೇರುವ ಮೊದಲು. ಅಲ್ಲಿ ಆಗ ಬೆಳಿಗ್ಗೆ ಎಂಟು. ಮಾರ್ಚ್‌ನಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ಆಗ ಒಂಬತ್ತಾಗುತ್ತದೆ. ಬದಲಾಗಬೇಕಾದದ್ದು ಅವರ ಹೊತ್ತು, ಇವನದ್ದಲ್ಲ. ಇಷ್ಟು ಚಿಕ್ಕವರಿಗೆ ಮೊಬೈಲ್ ತೋರಿಸಬಹುದಾ ಅಂತ ತಾಯಿಗೆ ಅನುಮಾನ ಇತ್ತು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2016ರಲ್ಲಿ ಒಂದೂವರೆ ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡ ಅಂದಾಗಲೂ ವಿಡಿಯೊ ಕರೆಯನ್ನು ಮಾತ್ರ ಹೊರಗಿಟ್ಟಿತ್ತು. ಅದರಲ್ಲಿ ಎದುರಿನವರು ಮಗುವಿಗೆ ಉತ್ತರ ಕೊಡುತ್ತಾರೆ, ಕಾರ್ಟೂನ್ ಕೊಡುವುದಿಲ್ಲ. ಆದರೆ ಮಗುವನ್ನು ಪರದೆ ಮುಂದೆ ನಿಲ್ಲಿಸಿ "ಅಜ್ಜಿಗೆ ಹಾಯ್ ಹೇಳು, ಮುತ್ತು ಕೊಡು" ಅಂತ ಪೀಡಿಸುವುದು ಬೇಡ. ಅವನು ಕಾಳು ಹಾಕಲಿ, ಅಜ್ಜ ನೋಡಲಿ. ಐದು ನಿಮಿಷ ಆದರೂ ಸಾಕು.

ಮನೆಯಲ್ಲಿ ತಾಯಿಗೆ ಹೇಳಿದ ಕೆಲಸ ಬೇಜಾರು ಹಿಡಿಸುವಂಥದ್ದು. ಎಲ್ಲಿಗೆ ಹೋಗುವುದಾದರೂ, ಕಣಕ್ಕೆ ಹೋದರೂ, ಬಚ್ಚಲಿಗೆ ಹೋದರೂ ಹೇಳಿ ಹೋಗಬೇಕು. ಬಂದ ಮೇಲೆ ಬಂದೆ ಅನ್ನಬೇಕು. ರಾತ್ರಿ ಅವನು ಎದ್ದಾಗ "ಇಲ್ಲೇ ಇದ್ದೀನಿ" ಅಂತ ಒಂದೇ ಮಾತು, ಬೈಗುಳ ಇಲ್ಲ, ದೀಪ ಇಲ್ಲ. ಹೀಗೆ ಮಾಡಿದರೆ ಹುಡುಗ ಇನ್ನೂ ಮುದ್ದಾಗಿ ಹಾಳಾಗುತ್ತಾನೆ ಅಂತ ತಂದೆಗೆ ಅನಿಸಿತ್ತು. ನಂಬಿಕೆ ಒಡೆದ ಕಡೆ ಮತ್ತೆ ಕೂರಬೇಕಾದರೆ ಹೇಳಿದಂತೆ ನಡೆಯುವುದನ್ನು ಮಗು ಮತ್ತೆ ಮತ್ತೆ ನೋಡಬೇಕು, ಬೇರೆ ದಾರಿ ಇಲ್ಲ ಅಂದೆ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ರಾತ್ರಿ ನಿದ್ದೆ ಬಹುಮಟ್ಟಿಗೆ ಸರಿಹೋಯಿತು. ಮಧ್ಯಾಹ್ನದ ನಿದ್ದೆ ವಾಪಸ್ ಬರಲೇ ಇಲ್ಲ. ಆ ವಯಸ್ಸಿಗೆ ಅದು ಬಿಟ್ಟುಹೋಗುವುದೂ ಇದೆ, ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಂದೆ.

ನಿದ್ದೆಗೆಟ್ಟ ಮಕ್ಕಳೆಲ್ಲರ ಕಾರಣ ಇದೇ ಅಂತ ಯಾರೂ ತಿಳಿಯಬಾರದು. ತೂಕ ಇಳಿಯುತ್ತಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ, ಗೊರಕೆ ಉಸಿರುಕಟ್ಟುವಿಕೆ ಇದ್ದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಹತ್ತಿರದಲ್ಲಿ ಆಪ್ತಸಲಹೆ ಸಿಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ತಾಯಿ ಆಮೇಲೆ ಒಬ್ಬರೇ ಬಂದಾಗ ಬೇರೆ ಮಾತು ಹೊರಗೆ ಬಂತು. "ಐದು ವರ್ಷದಲ್ಲಿ 730 ದಿನ ಅಲ್ಲಿದ್ರೆ ಸಾಕಂತೆ ಮೇಡಂ, ಅವರ ಪರವಾನಗಿ ಉಳಿಯೋಕೆ. ನಾನು ಲೆಕ್ಕ ಹಾಕಿದೀನಿ. ಉಳಿದ ದಿನ ಇಲ್ಲಿ ಇರಬಹುದಲ್ವಾ? ಅಣ್ಣನ ಮಕ್ಕಳನ್ನ ಸಾಕಿದ್ರು. ನನ್ನ ಮಕ್ಕಳಿಗೆ ರಜೆಗೆ ಬರೋ ಅಜ್ಜಿ." ಕಾನೂನಿನ ಲೆಕ್ಕ ಅವರದ್ದು ಸರಿಯೇ ಇತ್ತು. ಆದರೆ ಅದನ್ನು ಅವರು ಎಂದೂ ತಾಯಿಯ ಮುಂದೆ ಆಡಿರಲಿಲ್ಲ. ನಾನು ಆಗಲೇ ಆಡಿ ಅಂತ ಒತ್ತಾಯಿಸಲೂ ಇಲ್ಲ. ಮಗುವಿನ ನಿದ್ದೆಯನ್ನು ಮುಂದಿಟ್ಟುಕೊಂಡು ಅಣ್ಣ ತಂಗಿಯ ಲೆಕ್ಕ ಚುಕ್ತಾ ಮಾಡಲು ಹೊರಟರೆ ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಸಲ ಅವರು ಬಂದಾಗ, ಮಕ್ಕಳು ಎದುರಿಗೆ ಇಲ್ಲದ ಹೊತ್ತು ನೋಡಿ ಅಮ್ಮನ ಜೊತೆ ಕೂತು ಹೇಳಿ ಅಂದೆ. ಎಷ್ಟು ದಿನ ಇರುತ್ತೀರಿ ಅಂತ ಕೇಳಬೇಡಿ, ನನಗೆ ನೀವು ಬೇಕಿತ್ತು ಅಂತಲೇ ಹೇಳಿ ಅಂದೆ. ಹೇಳಿದರೋ ಇಲ್ಲವೋ ನಾನು ಕೇಳಿಲ್ಲ.

ಮುಂದಿನ ಚಳಿಗಾಲದಲ್ಲಿ ಅವರು ಮತ್ತೆ ಬಂದರು. ಈ ಸಲ ವಾಪಸ್ ಟಿಕೆಟ್ ಮಾಡುವಾಗಲೇ ಬೆಳಗಿನ ಜಾವದ ವಿಮಾನ ಆರಿಸಿಕೊಂಡಿದ್ದರು. ಹಾಗಾದರೆ ಮನೆಯಿಂದ ಮಧ್ಯಾಹ್ನ ಮೂರಕ್ಕೆ ಹೊರಟರೆ ಸಾಕು, ಕಾಡುದಾರಿಯೂ ಬೆಳಕಿನಲ್ಲೇ ಮುಗಿಯುತ್ತದೆ. ಮೂರು ದಿನ ಮೊದಲು ಅಜ್ಜಿಯೇ ಚಿಣ್ಣನಿಗೆ ಹೇಳಿದರು. ಮತ್ತೆ ಯಾವಾಗ ಅಂದದ್ದಕ್ಕೆ ಬೇಗ ಬರ್ತೀವಿ ಅನ್ನದೆ, ಮಳೆಗಾಲ ಮುಗಿದು, ಹುತ್ತರಿ ಹಬ್ಬ ಆದ ಮೇಲೆ ಅಂದರು. ಸೂಟ್‌ಕೇಸಿನೊಳಗೆ ಅವನು ತನ್ನದೊಂದು ಕಾಲುಚೀಲ ಇಟ್ಟ. ಕಾರು ಹೊರಟಾಗ ಗೇಟಿನವರೆಗೆ ಓಡಿ ಹೋಗಿ ಜೋರಾಗಿ ಅತ್ತ. ಅಜ್ಜಿಯೂ ಅತ್ತರು. ಹುಣಸೂರಿನಲ್ಲಿ ಚಹಾ ಕುಡಿಯಲು ನಿಂತಾಗ ಕರೆ ಮಾಡಿದರು, ಅಷ್ಟರಲ್ಲಿ ಅವನು ಕೋಳಿಗೂಡಿನ ಹತ್ತಿರ ಇದ್ದ. ರಾತ್ರಿ ಎಂದಿಗಿಂತ ಸ್ವಲ್ಪ ತಡವಾಗಿ ಮಲಗಿದ.

ಇಷ್ಟರಲ್ಲಿ ಎಲ್ಲರೂ ಮರೆತ ಒಬ್ಬಳು ಇದ್ದಳು. ಚಿಣ್ಣನ ಅಕ್ಕ. ಮೊದಲ ಸಲ ಅಜ್ಜ ಅಜ್ಜಿ ಹೊರಡುವುದು ಅವಳಿಗೆ ಗೊತ್ತಿತ್ತು. "ನೀನು ದೊಡ್ಡವಳು, ತಮ್ಮನಿಗೆ ಹೇಳ್ಬೇಡ" ಅಂತ ಮನೆಯವರೆಲ್ಲ ಸೇರಿ ಅವಳಿಂದ ಮಾತು ತೆಗೆದುಕೊಂಡಿದ್ದರು. ಅವಳು ಹೇಳಲಿಲ್ಲ. ತಮ್ಮ ಜಗಲಿಯಲ್ಲಿ ಕಾಯುತ್ತಾ ಕೂತದ್ದನ್ನು ನೋಡಿಯೂ ಹೇಳಲಿಲ್ಲ. ಅವನು ರಾತ್ರಿ ಎದ್ದು ಅಳಲು ಶುರುಮಾಡಿದಾಗ ಇವಳಿಗೆ ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು ಬರತೊಡಗಿತ್ತು. ಅದನ್ನು ಶಾಲೆ ತಪ್ಪಿಸುವ ನೆಪ ಅಂತ ತಿಳಿದಿದ್ದರು. ಅವಳನ್ನೂ ಒಮ್ಮೆ ಕರೆದುಕೊಂಡು ಬನ್ನಿ ಅಂತ ನಾನು ಹೇಳಿದ ಮೇಲೆಯೇ ತಾಯಿ ಕರೆತಂದದ್ದು. ಬಂದವಳು ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ತಮ್ಮಂಗೆ ನಿದ್ದೆ ಬರದೇ ಇರೋದು ನಾನು ಹೇಳದೇ ಇದ್ದಿದ್ದಕ್ಕಾ ಆಂಟಿ?"

ಅಲ್ಲ ಅಂದೆ. ಹೇಳಬೇಕಾಗಿದ್ದವರು ದೊಡ್ಡವರು, ನೀನಲ್ಲ ಅಂದೆ. ಅದನ್ನೇ ತಾಯಿಯಿಂದಲೂ, ಕೆನಡಾ ಅಜ್ಜಿಯಿಂದಲೂ ಹೇಳಿಸಿದೆ. ಮಕ್ಕಳ ಕೈಯಲ್ಲಿ ಗುಟ್ಟು ಇಡಬೇಡಿ ಅಂತ ಮನೆಯವರಿಗೆ ಹೇಳಿದಾಗ ಮನೆ ಅಜ್ಜಿ ಒಂದು ಮಾತೂ ಎದುರಾಡಲಿಲ್ಲ. ಎರಡನೆಯ ಸಲ ಅವರು ಹೊರಡುವ ದಿನ ಗೊತ್ತಾದಾಗ, ನಾನು ತಮ್ಮನಿಗೆ ಹೇಳಬಹುದಾ ಅಂತ ಅವಳು ಕೇಳಿದಳಂತೆ. ಅಜ್ಜಿ ಹೇಳುತ್ತಾರೆ, ನೀನು ಪಕ್ಕದಲ್ಲಿ ಕೂತಿರು ಅಂದರು ತಾಯಿ. ಅವಳು ಕೂತಳು. ಅಜ್ಜಿ ಹೇಳಿ ಮುಗಿಸುವ ಮೊದಲೇ ತಮ್ಮನಿಗಿಂತ ಜೋರಾಗಿ ಅವಳೇ ಅತ್ತಳು.